ಮೊಣಕಾಲು ಮಡಚುವ ಕೊನೆಯ ದಿನ

ದಾವಣಗೆರೆ, ೧೪-೨-೧೯೬೨

ಸುಂಕಲಕ್ಕಾ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಅವ್ವ ಸತ್ತ ದಿನ ನಾನು ಆಡಿದ ಮಾತಿಗೆ ನೀನು, "ಮಂಡಿಯೂರಿ ನನ್ನ ಕಾಲು ಮುಟ್ಟು, ಆಮ್ಯಾಲೆ ಹೊಸ್ತಿಲು ದಾಟು" ಅಂದಿದ್ದೆ. ಹನ್ನೊಂದು ವರ್ಷದಿಂದ ನಾನು ಹರಿಹರಕ್ಕೆ ಬಂದಿಲ್ಲ.

ಈಗ ಮೂಳೆ ಡಾಕ್ಟರ ಆಸ್ಪತ್ರೆಯಲ್ಲಿದ್ದೇನೆ. ನಾಳೆ ಬೆಳಿಗ್ಗೆ ಏಳಕ್ಕೆ ಆಪರೇಷನ್. ಮೊಣಕಾಲಿನ ಮೂಳೆಗಳನ್ನು ಒಂದಕ್ಕೊಂದು ಕೂಡಿಸಿಬಿಡುತ್ತಾರಂತೆ. ನೋವು ಹೋಗುತ್ತದೆ, ಆದರೆ ಕಾಲು ಇನ್ನೆಂದೂ ಮಡಚುವುದಿಲ್ಲ.

ಪಕ್ಕದ ಮಂಚದ ಕೊಟ್ರವ್ವನಿಗೆ ಹಾಗೇ ಮಾಡಿದ್ದಾರೆ. "ಇನ್ನ ನೆಲಕ್ಕೆ ಕೂರಂಗಿಲ್ಲ ಬಿಡ್ರಿ, ಅಮಲ್ದಾರರಂಗೆ ಕುರ್ಚಿ ಮ್ಯಾಲೇ ಊಟ" ಎಂದು ನಗುತ್ತಾಳೆ. ನನಗೆ ನಗು ಬರಲಿಲ್ಲ. ಬೆಳಿಗ್ಗೆಯಿಂದ ಸೆರಗಿನ ಮರೆಯಲ್ಲಿ ಕಾಲು ಮಡಚಿ ಮಡಚಿ ನೋಡುತ್ತಿದ್ದೇನೆ. ಜೀವ ಹೋಗುವಷ್ಟು ನೋಯುತ್ತದೆ, ಆದರೂ ಮಡಚುತ್ತದೆ.

ಸಂಜೆ ಡಾಕ್ಟರು ಬಂದರು. "ಅಮ್ಮಾರೆ, ಮಂಡಿಯೂರೋ ಹರಕೆ ಏನಾರ ಬಾಕಿ ಐತೇನ್ರಿ? ಇದ್ರೆ ಮುಗಿಸ್ಕಂಡು ಬರ್ರಿ, ಎಂಟು ದಿನ ತಡೀತೀನಿ."

"ನನಗ್ಯಾವ ಹರಕೆನೂ ಇಲ್ಲ, ನಾಳೇನೇ ಮಾಡ್ರಿ" ಅಂದೆ. ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಸಹಿಯನ್ನೂ ಹಾಕಿದೆ.

ಅವರು ಹೋದ ಮೇಲೆ, ಹರಿಹರಕ್ಕೆ ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೊಟ್ರವ್ವನನ್ನು ಕೇಳಿದೆ. ಐದೂವರೆಗಂತೆ.

ನಿನ್ನ ತಂಗಿ,
ಓಬವ್ವ