ತೊಡೆಯ ಮೇಲೆ ಐದು ಇಂಚು

ಮಾರ್ಚ್ ೧೧, ಮಂಗಳವಾರ

ಮಧ್ಯಾಹ್ನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೂಲೆ ತೊಡೆಗೆ ತಗುಲಿತು. ದಿನಕ್ಕೆ ಹತ್ತು ಸಲ ತಗುಲುವ ಮೂಲೆಯೇ. ಸಂಜೆ ಮೆಟ್ಟಿಲು ಹತ್ತುವಾಗ ಮಾತ್ರ ಒಳಗೆ ಯಾರೋ ಹಿಂಡಿದ ಹಾಗೆ ನೋವು. ನೋಡಿದರೆ ಅಂಗೈ ಅಗಲ ಕಪ್ಪುಗಟ್ಟಿದೆ.

ಕಾಲಲ್ಲಿ ರಕ್ತ ಹೆಪ್ಪುಗಟ್ಟಿ, ರಕ್ತ ತೆಳುವಾಗುವ ಮಾತ್ರೆ ಶುರುವಾಗಿ ಮೂರು ತಿಂಗಳು. ಅವತ್ತಿನಿಂದ ಬೆರಳಿಗೆ ಸೂಜಿ ಚುಚ್ಚಿದರೂ ಜೀವ ಬಾಯಿಗೆ ಬರುತ್ತದೆ. ಹೊಲಿಯುವವಳು ಸೂಜಿಗೆ ಹೆದರುವುದನ್ನು ನೋಡಿದರೆ ಗಿರಾಕಿಗಳು ನಕ್ಕಾರು.

ಅತ್ತಿಗೆ ತಮ್ಮ ಮಂಡಿನೋವಿನ ಮಾತ್ರೆ ತಂದುಕೊಟ್ಟರು. "ಒಂದು ನುಂಗಮ್ಮ, ಬೆಳಗಾಗೋದ್ರಲ್ಲಿ ಸರಿಹೋಗುತ್ತೆ." ಅವರ ಮನಸ್ಸು ಬೆಣ್ಣೆ. ಅಂಥ ಮಾತ್ರೆ ಮುಟ್ಟಲೇಬೇಡಿ, ರಕ್ತ ನಿಲ್ಲೋದಿಲ್ಲ ಅಂತ ಡಾಕ್ಟರು ಹೇಳಿದ್ದರು. ಹೂಂ ಅಂದು, ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟೆ.

ಕಲೆ ಬೆಳೆದರೆ ಗೊತ್ತಾಗಲಿ ಅಂತ ಸುತ್ತ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಈಗ ನೋಡಿದರೆ ಗೆರೆಯೇ ಇಲ್ಲ. ಉಜ್ಜಿದರೆ ಹೋಗಲಿ ಅಂತಲೇ ಮಾಡಿದ ಸೀಮೆಸುಣ್ಣ. ಮೂವತ್ತು ವರ್ಷ ಅದನ್ನೇ ಹಿಡಿದವಳಿಗೆ ಅಷ್ಟೂ ಹೊಳೆಯಲಿಲ್ಲ.

ಅಂಗೈ ಇಟ್ಟು ನೋಡಿದೆ. ಸಂಜೆ ಅಂಗೈಯಡಿ ಪೂರ್ತಿ ಮುಚ್ಚಿಹೋಗಿದ್ದ ಕಲೆ ಈಗ ಎರಡೂ ಕಡೆ ಇಣುಕುತ್ತಿದೆ. ನನ್ನ ಅಂಗೈ ಮೂರೂವರೆ ಇಂಚು. ಟೇಪು ತಂದು ಅಳೆದೆ, ಐದು. ಮತ್ತೆ ಅಳೆದೆ, ಐದೇ.

ಅಳತೆ ತಪ್ಪಿದೆ ಅಂತ ಇಲ್ಲಿಯವರೆಗೆ ಒಬ್ಬರೂ ಬಟ್ಟೆ ವಾಪಸ್ ತಂದಿಲ್ಲ. ಇದೊಂದು ತಪ್ಪಿರಲಿ.

ಆಸ್ಪತ್ರೆಯ ಫೈಲು ಚೀಲಕ್ಕೆ ಹಾಕಿಯಾಯಿತು. ನಮ್ಮ ಯಜಮಾನರನ್ನು ಎಬ್ಬಿಸಿ ಟೇಪು ಕೈಗೆ ಕೊಡುತ್ತೇನೆ. ಇವರೂ ಐದು ಅಂದರೆ, ಈ ರಾತ್ರಿಯೇ ಆಸ್ಪತ್ರೆಗೆ.