ಎರಡು ಮನೆಗೆ ಒಂದೇ ನಂಬರ್

ಗುರುವಾರ, ಸಂಜೆ

ಇವಳೇ,

ಮನೆಗೆ ನೆಟ್ ಹಾಕಿಸದೆ ನಾನು ಕೈಕಟ್ಟಿ ಕೂತಿದ್ದೇನೆ ಅಂತ ನಿಮ್ಮಮ್ಮನ ಮುಂದೆ ಹೇಳಿದೆಯಂತೆ. ಕೂರುವವನಾ ನಾನು? ಊಟಕ್ಕೂ ನೆಟ್ಟಗೆ ಕೂರಲ್ಲ ಅಂತ ಬೈಯುತ್ತಿದ್ದವಳು ನೀನೇ. ಫೋನ್ ಮಾಡಿದರೆ ನೀನು ಎತ್ತಲ್ಲ, ಎತ್ತಿದರೆ ಕಟ್ಟಾಗುತ್ತೆ. ಅದಕ್ಕೇ ಈ ಕಾಗದ.

ನೀನು ತವರಿಗೆ ಹೋದಮೇಲೆ ನೀರಿನ ಟ್ಯಾಂಕ್ ಹತ್ತಿ, ಕೋಲಿಗೆ ಫೋನ್ ಕಟ್ಟಿ ಮೇಲಕ್ಕೆ ಹಿಡಿದೆ. ಒಂದು ಕಡ್ಡಿ ಸಿಗ್ನಲ್ ಬಂತು. ಕೋಲು ಇಳಿಸಿದೆ, ಅದೂ ಹೋಯಿತು. ದಾರಿಹೋಕರು, ಕಾಗೆ ಓಡಿಸ್ತಿದ್ದೀಯೇನೋ ಅಂತ ಕೇಳಿದರು. ರಿಪೇರಿಗೆ ಪಂಪಿನ ಮೋಟಾರ್ ತಂದವರನ್ನೆಲ್ಲ ವಾಪಸ್ ಕಳಿಸಿ, ನೆಟ್ ಕಂಪನಿಯ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದೆ.

ಕೊನೆಗೆ ಇವತ್ತು ಲೈನ್‌ಮನ್ ಬಂದ. ಗೋಡೆಯ ಮೇಲಿನ ಮನೆ ನಂಬರ್ ನೋಡಿದವನೇ, ಈ ಮನೆಗೆ ಆಗಲೇ ಲೈನ್ ಕೊಟ್ಟಾಗಿದೆಯಲ್ಲಪ್ಪ, ಒಂದು ನಂಬರಿಗೆ ಒಂದೇ ಅಂದ. ನಾನೂ ಅಣ್ಣನೂ ಪಾಲಾದಾಗ ನಡುಮನೆಗೆ ಗೋಡೆ ಎಬ್ಬಿಸಿದೆವು. ಏಣಿ, ಕೊಡಪಾನ, ಬಟ್ಟೆ ನೇತುಹಾಕುವ ಗೂಟ ಕೂಡ ಹಂಚಿಕೊಂಡೆವು. ಮನೆ ನಂಬರ್ ಮರೆತೇಹೋಗಿತ್ತು. ಆ ಲೈನ್ ಇರುವುದು ಗೋಡೆ ಆಚೆ, ಅಣ್ಣನ ಕಡೆ. ನನಗೆ ಬೇರೆ ನಂಬರ್ ಬೇಕಾದರೆ ಅವನು ಸಹಿ ಹಾಕಬೇಕು.

ಅವನ ಹೊಸ್ತಿಲು ತುಳಿಯಲ್ಲ ಅಂತ ನಾಲ್ಕು ಜನರ ಮುಂದೆ ಎದೆ ತಟ್ಟಿ ಹೇಳಿದವನು ನಾನು.

ಸೋಮವಾರದೊಳಗೆ ನೆಟ್ ಬರದಿದ್ದರೆ, ಮನೆಯಿಂದಲೇ ನೆಟ್ ಮೇಲೆ ಆಸ್ಪತ್ರೆಯ ಫೋನ್ ಎತ್ತುವ ನಿನ್ನ ಕೆಲಸ ಬೇರೆಯವರ ಪಾಲು, ಅದಕ್ಕೇ ಆಸ್ಪತ್ರೆ ಹತ್ತಿರವೇ ರೂಮ್ ಮಾಡುತ್ತೇನೆ ಅಂದಿದ್ದೀಯ. ಡಾಕ್ಟರು ಹತ್ತಕ್ಕೆ ಸಿಗ್ತಾರೆ, ಗಾಬರಿ ಆಗ್ಬೇಡಿ ಅಂತ ನೀನು ಯಾರಿಗೋ ಫೋನಿನಲ್ಲಿ ಹೇಳುವಾಗ ನಾನು ಅಂಗಳದಲ್ಲಿ ಕೆಲಸ ನಿಲ್ಲಿಸಿ ಕೇಳುತ್ತಿದ್ದೆ. ಮಾತು ನಡುವೆ ಕಟ್ಟಾದಾಗ ನಿನ್ನ ಮುಖ ನೋಡಲಾಗದೆ ಎದ್ದು ಹೋಗುತ್ತಿದ್ದೆ. ನೀನು ಅದನ್ನ ಅಸಡ್ಡೆ ಅಂದುಕೊಂಡೆ.

ರೂಮ್ ಮಾಡಬೇಡ ಕಣೇ. ರೂಮ್ ಮಾಡಿದರೆ ಅಲ್ಲಿಗೊಂದು ಒಲೆ ಬರುತ್ತೆ, ಚಾಪೆ ಬರುತ್ತೆ. ಆಮೇಲೆ ನೀನು ಇಲ್ಲಿಗೆ ಬರುವುದು ನೆಂಟರ ಹಾಗೆ. ಹತ್ತನೇ ಕ್ಲಾಸ್ ಓದಿದವನಿಗೆ ಇದಕ್ಕಿಂತ ಚೆನ್ನಾಗಿ ಬರೆಯಲು ಬರಲ್ಲ.

ಇಂತಿ,
ನಿನ್ನ ‘ರೀ’

ಮಡಿಚಿದ ಕಾಗದ ಮತ್ತೆ ಬಿಚ್ಚಿದೆ: ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ಅತ್ತಿಗೆ ಈಗ ಕೇಳಿದರು, ಅವಳು ಕೆಲಸಕ್ಕೆ ಕೂರುವ ಟೇಬಲ್ ಅಡುಗೆಮನೆ ಗೋಡೆಗೇ ಚೆನ್ನಾಗಿತ್ತಲ್ಲ, ಯಾಕೆ ತೆಗೆದೆ ಅಂತ. ಕೆದಕಿದಾಗ ಎಲ್ಲ ಹೇಳಿದರು. ನೀನು ಫೋನಿನ ನೆಟ್ ಅಂದೆ, ನಾನು ನಂಬಿದೆ. ಬರುತ್ತಿದ್ದುದು ಆ ಗೋಡೆ ಆಚೆಯಿಂದ, ಅಣ್ಣನ ವೈಫೈ. ಪಾಸ್‌ವರ್ಡ್ ಹೇಳಿದ್ದು ಅತ್ತಿಗೆ, ಹೇಳು ಅಂದಿದ್ದು ಅಣ್ಣ. ಗೊತ್ತಾದರೆ ನಾನು ಊರಿಗೆಲ್ಲ ಕೇಳುವ ಹಾಗೆ ಕೂಗಾಡುತ್ತೇನೆ ಅಂತ ನೀನು ಬಾಯಿ ಬಿಡಲಿಲ್ಲ. ಒಲೆಯ ಘಾಟಿಗೆ ಕೆಮ್ಮುತ್ತೀಯ ಅಂತ ಟೇಬಲ್ ಮುಂದಿನ ರೂಮಿಗೆ ತಂದು, ಬೇಡ ಅಂದರೂ ಕೇಳದೆ ಗೋಡೆಗೆ ಬೋಲ್ಟ್ ಬಿಗಿದವನು ನಾನೇ. ನೆಟ್ ಹೋಗಿದ್ದು ಅವತ್ತಿನಿಂದ.

ಬೋಲ್ಟ್ ಬಿಚ್ಚಿದ್ದೇನೆ. ಟೇಬಲ್ ನಡುಮನೆಯಲ್ಲಿ ನಿಂತಿದೆ. ಅಣ್ಣನನ್ನ ಕೇಳದೆ ಅದನ್ನ ಮತ್ತೆ ಅಡುಗೆಮನೆ ಗೋಡೆಗೆ ಸೇರಿಸಲು ಮನಸ್ಸು ಬರುತ್ತಿಲ್ಲ. ಅವನು ಜಗಲಿ ಮೇಲೆ ಕೂತಿದ್ದಾನೆ, ಕೆಮ್ಮು ಕೇಳಿಸುತ್ತಿದೆ. ಏನು ಅಂತ ಶುರು ಮಾಡಲಿ, ನೀನಿದ್ದಿದ್ದರೆ ಹೇಳಿಕೊಡುತ್ತಿದ್ದೆ. ಈ ಕಾಗದ ಜೇಬಿಗೆ ಹಾಕಿಕೊಂಡು ಹೊರಡುತ್ತೇನೆ. ಬಾಗಿಲು ಎಳೆದುಕೊಂಡು ಅವನ ಜಗಲಿಗೇ.