ಬೇವು ತೊಳೆದ ನೀರು

ದೇವದುರ್ಗ

ಅಕ್ಕಾ,

ಕ್ಷೇಮ ಕೇಳಿ ಶುರುಮಾಡಬೇಕು. ಆದರೆ ಅದನ್ನು ದಿನಾ ಫೋನಿನಲ್ಲಿ ಕೇಳುತ್ತಲೇ ಇದ್ದೇನೆ, ಫೋನಿನಲ್ಲಿ ನಾವಿಬ್ಬರೂ ಸುಳ್ಳು ಹೇಳುತ್ತೇವೆ. ಸುಜಾತಾ ಚೆನ್ನಾಗಿ ಮಲಗುತ್ತಾಳೆ ಎಂದು ನೀನು, ನನಗೂ ನಿದ್ದೆ ಬರುತ್ತದೆ ಎಂದು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮೂರನೆಯ ಬಸಿರೂ ನಿಲ್ಲದೆ ಹೋದಾಗ, ನನ್ನ ಹೊಟ್ಟೆಯಲ್ಲಿರುವ ಕೂಸು ನಿನ್ನದು ಎಂದು ಯಾರೂ ಕೇಳದೆ ನಾನೇ ಹೇಳಿದೆ. ದೊಡ್ಡ ಮಗಳು ನನಗಿದ್ದಾಳಲ್ಲ ಎಂದುಕೊಂಡೆ. ಮುಖ ಕಾಣದ ಕೂಸಿನ ಮೇಲೆ ಮಾತು ಕೊಡುವುದು ಸುಲಭ ಅಕ್ಕಾ. ವರ್ಷ ತುಂಬಿ ಜವಳದ ಕೂದಲು ತೆಗೆಸಿದಮೇಲೆ, ದಸರಾ ರಜೆಗೆ ಎಲ್ಲರೂ ತವರಿಗೆ, ಕಲ್ಲೂರಿಗೆ ಬರುವುದು, ರಜೆ ಮುಗಿಯುವ ದಿನ ಕೂಸನ್ನು ನಿನ್ನ ಉಡಿಗೆ ಹಾಕುವುದು ಎಂದು ಅವ್ವ ಗೊತ್ತುಮಾಡಿದಳು.

ಆ ದಿನ ರಾಯಚೂರಿನಿಂದ ನಿಮ್ಮ ಕಲಬುರಗಿ ರೈಲು ಸಂಜೆಗಿತ್ತು. ಪಂಪಾಪತಿ ಭಾವನೇ ಹೇಳಿದ್ದು: "ಮನ್ಯಾಗ ಕುಂತು ಒಬ್ಬರ ಮುಖ ಒಬ್ಬರು ನೋಡಿ ಅಳೂದಕ್ಕಿಂತ ರಾಯಚೂರು ಕೋಟಿ ನೋಡಮು ನಡೀರಿ." ಹೊರಡುವ ಮುಂಚೆ ಅವ್ವ ಬೇವಿನೆಲೆ ಅರೆದು ತಂದು ನನ್ನ ಎದೆಗೆ ಹಚ್ಚಿದಳು. "ಹಾಲು ಬಿಡಸದ ಕೂಸಿನ್ನ ಹೆಂಗ ಕಳಸ್ತಿ? ವಾರದಿಂದ ಹೇಳಾಕತ್ತೀನಿ." ವಾರದಿಂದ ನಾನು ಹಚ್ಚಿಕೊಂಡಂತೆ ಮಾಡಿ ಒರೆಸಿಕೊಳ್ಳುತ್ತಿದ್ದೆ.

ಕೋಟೆ ಗೋಡೆಯ ಆ ಉದ್ದನೆಯ ಶಾಸನದ ಕಲ್ಲಿನ ಮುಂದೆ ನಮ್ಮನೆಯ ಇವರು ತರಗತಿಯಲ್ಲಿದ್ದಂತೆ ಪಾಠ ಶುರುಮಾಡಿದರು. ಅಷ್ಟು ದೊಡ್ಡ ಕಲ್ಲನ್ನು ಬಂಡಿಯಲ್ಲಿ ಎಳೆದು ತರುವ, ಅಲ್ಲೇ ಗೋಡೆಯಲ್ಲಿ ಕೊರೆದ ಚಿತ್ರ ತೋರಿಸಿದರು. "ಎಳದಾವ್ರು ನಮ್ಮ ಮುತ್ಯಾಗಳು, ಹೆಸರು ಬರಸಿಕೊಂಡಾವ್ರು ಬ್ಯಾರೆ ಮಂದಿ, ಅಲ್ಲೇನ್ರೀ ಮಾಸ್ತರ?" ಎಂದ ಭಾವ. ಅವ್ವ ಬಿಡಲಿಲ್ಲ: "ನಿಮಗ ಚೀಲ ಎತ್ತಾಕ ಹಮಾಲ ಬೇಕು. ನೀವೇನು ಕಲ್ಲು ಎಳೀತೀರಿ, ನಡೀರಿ." ಎಲ್ಲರೂ ನಕ್ಕರು. ನೀನು ಮಾತ್ರ ದೂರ ದೂರ ನಡೆಯುತ್ತಿದ್ದೆ. ಕೂಸನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ಇವಳಿಗೆ ಬೇಡವಾಯಿತೇ ಎಂದು ಭಯವಾಯಿತು. ಬೇಡವಾಗಿದ್ದರೆ ಸಾಕು ಎಂಬ ಆಸೆಯೂ ಆಯಿತು.

ಬಿಸಿಲೇರಿದಾಗ ಸುಜಾತಾ ಎದೆಗೆ ಬಾಯಿಟ್ಟಳು. ಕಹಿ ತಾಗಿ ಮುಖ ಕಿವಿಚಿ ನನ್ನನ್ನೇ ನೋಡಿದಳು. ಅಳಲಿಲ್ಲ, ನೋಡಿದಳು ಅಷ್ಟೆ. ಮತ್ತೆ ಬಾಯಿಟ್ಟಳು, ಮತ್ತೆ ಉಗುಳಿದಳು. ಆಮೇಲೆ ಅತ್ತಳು. ಎಲ್ಲಿದ್ದೆಯೋ, ನೀನು ಬಂದು ನೀರಿನ ಬಾಟಲಿ ನನ್ನ ಕೈಗಿಟ್ಟೆ.

"ತೊಳಕೊ ಬೇ, ಕಲ್ಯಾಣಿ."

"ಅವ್ವ ಬೈತಾಳ."

"ಬೈಲಿ. ರಾತ್ರಿ ಅತ್ತರ ನಾನ ನೋಡ್ಕೊಂತೀನಿ. ಇವತ್ತು ಕುಡೀಲಿ."

ಗೋಡೆಯ ನೆರಳಿನಲ್ಲಿ ನಾನು ಹಾಲೂಡಿಸುವಾಗ ನೀನು ನಮಗೆ ಬೆನ್ನು ಮಾಡಿ, ಸೆರಗು ಅಗಲಿಸಿ ಮರೆಯಾಗಿ ನಿಂತೆ. ನಿನ್ನ ಭುಜ ಅಲುಗುತ್ತಿತ್ತು. ಬೇಡವಾದವಳ ಭುಜ ಹಾಗೆ ಅಲುಗುವುದಿಲ್ಲ.

ಸ್ಟೇಷನ್ನಿನಲ್ಲಿ ಅವ್ವ ನಿನ್ನ ಉಡಿಗೆ ಅಕ್ಕಿ, ಒಣ ಕೊಬ್ಬರಿ, ಎಲೆ ಅಡಿಕೆ ಹಾಕಿದಳು. ಅದರ ಮೇಲೆ ನಾನು ಕೂಸನ್ನು ಇಟ್ಟೆ. ಹೊಟ್ಟೆ ತುಂಬಿ ನಿದ್ದೆಹೋಗಿದ್ದಳು. ರೈಲು ಹೋದಮೇಲೆ ದೊಡ್ಡವಳು ಕೇಳಿದಳು, "ಯವ್ವಾ, ತಂಗಿ ರಜಾ ಎಂದ ಮುಗೀತದ?" ಇವರು ಅವಳನ್ನು ಎತ್ತಿಕೊಂಡು ಮುಂದೆ ನಡೆದುಬಿಟ್ಟರು.

ನಿನ್ನೆ ಭಾವ ನಿಜ ಹೇಳಿದ. ಅವಳು ಎದೆ ಹುಡುಕಿ ಹುಡುಕಿ ಅಳುತ್ತಾಳಂತೆ, ನೀನು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತೀಯಂತೆ, ಕೊನೆಗೆ ನಿನ್ನ ಕುತ್ತಿಗೆಗೆ ಮುಖ ಒತ್ತಿ ಮಲಗುತ್ತಾಳಂತೆ. ಇಲ್ಲಿ ನನ್ನ ಎದೆ ಕಲ್ಲಾಗಿ ಕುಪ್ಪಸ ತೊಯ್ಯುತ್ತದೆ. ತಡೆಯಲಾರದೆ ಕಲಬುರಗಿಗೆ ಹೊರಟು ಚೀಲ ಕಟ್ಟಿದೆ. ಇವರು ಬೇಡವೆನ್ನಲಿಲ್ಲ. ಚಪ್ಪಲಿ ಮೆಟ್ಟುವಾಗ ಹೊಳೆಯಿತು: ನಾನು ಬಂದರೆ ಅವಳು ಕುಡಿಯುತ್ತಾಳೆ, ಈಗಷ್ಟೇ ಗುರುತಾಗುತ್ತಿರುವ ನಿನ್ನ ಕುತ್ತಿಗೆಯನ್ನು ಮರೆಯುತ್ತಾಳೆ. ಮತ್ತೆ ಮೊದಲಿನಿಂದ ಅಳಬೇಕು, ಮೂವರೂ.

ಚೀಲ ಬಿಚ್ಚಿಟ್ಟಿದ್ದೇನೆ. ಸಂಕ್ರಾಂತಿಗೆ ಬರುವುದಿಲ್ಲ. ಯುಗಾದಿಗೆ ನೀವು ಕಲ್ಲೂರಿಗೆ ಹೋದರೆ ನಾನು ಹೋಗುವುದಿಲ್ಲ. ವಿಡಿಯೋ ಕಾಲ್ ಮಾಡಬೇಡ, ನನ್ನ ದನಿ ಅವಳಿಗೆ ಕೇಳಿಸಬೇಡ. ನನ್ನನ್ನು ಅವಳು ಮರೆಯಲಿ. ಅವಳು ನಿನ್ನನ್ನು ಅವ್ವಾ ಎಂದು ಕರೆದ ದಿನ ತಿಳಿಸು, ಆಮೇಲೆ ಬರುತ್ತೇನೆ.

ಕೂಸಿಗೂ ನಿನಗೂ ನಿದ್ದೆ ಬರಲಿ. ನಿನ್ನ ಮಗಳು ನೂರು ವರ್ಷ ಬಾಳಲಿ.

ಇಂತಿ,
ಸುಜಾತಾಳ ಚಿಗವ್ವ
ಕಲ್ಯಾಣಿ